ಕಾರವಾರ, ಶಿರಸಿ, ಕುಮಟಾದಿಂದ ವಿಮಾನಯಾನ: ದೂರವನ್ನೂ ಹೊತ್ತನ್ನೂ ನೀವೇ ಲೆಕ್ಕ ಹಾಕುವ ಬಗೆ

ಕುಮಟಾದ ನಮ್ಮ ಮನೆಯ ಜಗಲಿಯಲ್ಲಿ ತೂಗುವ ಕ್ಯಾಲೆಂಡರಿನ ಹಾಳೆಯೊಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಲೆಕ್ಕವೊಂದು ಇನ್ನೂ ಉಳಿದಿದೆ. ಶಿರಸಿಯ ಭಾವ ನಮ್ಮಲ್ಲಿಗೆ ಬಂದಿದ್ದಾಗ ಇಬ್ಬರೂ ಕೂತು ಹಾಕಿದ್ದು. “ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿದರೆ ಬೆಂಗಳೂರಿಗೆ ಒಂದು ತಾಸು ಹತ್ತು ನಿಮಿಷವಂತೆ. ಇಡೀ ರಾತ್ರಿ ಬಸ್ಸಿನಲ್ಲಿ ಮೈ ನೋಯಿಸಿಕೊಳ್ಳುವುದು ಯಾಕೆ?” ಎಂದು ಅವರು ಕೇಳಿದ್ದರು. ಸರಿ, ಶಿರಸಿಯ ಮನೆಯ ಹೊಸಿಲು ದಾಟಿದಲ್ಲಿಂದ ಜಯನಗರದಲ್ಲಿರುವ ಮಗನ ಮನೆಯ ಹೊಸಿಲು ತುಳಿಯುವವರೆಗೆ ಕೂಡಿಸುತ್ತ ಹೋದೆವು. ಹುಬ್ಬಳ್ಳಿಯವರೆಗೆ ಎರಡೂ ಮುಕ್ಕಾಲು ತಾಸು. ದಾರಿಯ ತೊಡಕಿಗೆಂದು ಅರ್ಧ ತಾಸು. ನಿಲ್ದಾಣದಲ್ಲಿ ಒಂದೂ ಮುಕ್ಕಾಲು. ಹಾರಾಟ ಒಂದು ತಾಸು ಹತ್ತು ನಿಮಿಷ. ಇಳಿದು ಸಾಮಾನು ಹಿಡಿದು ಹೊರಗೆ ಬರಲು ಅರ್ಧ ತಾಸು. ದೇವನಹಳ್ಳಿಯಿಂದ ಜಯನಗರಕ್ಕೆ ಒಂದೂವರೆ. ಒಟ್ಟು ಎಂಟು ತಾಸು ಹತ್ತು ನಿಮಿಷ! ರಾತ್ರಿ ಬಸ್ಸಿಗೂ ಹೆಚ್ಚು ಕಡಿಮೆ ಅಷ್ಟೇ ಬೇಕು.

ಉತ್ತರ ಕನ್ನಡದಲ್ಲಿ ಇನ್ನೂ ನಾಗರಿಕ ವಿಮಾನ ನಿಲ್ದಾಣವಿಲ್ಲ. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಯ ವಾಯುನೆಲೆಯ ಜೊತೆಗೆ ಜನರಿಗೂ ನಿಲ್ದಾಣ ಮಾಡುವ ಯೋಜನೆಯ ಮಾತು ಬಹಳ ಕಾಲದಿಂದ ಇದೆ. ಅದು ಆಗುವವರೆಗೆ ನಮ್ಮ ಪ್ರತಿಯೊಂದು ವಿಮಾನಯಾನವೂ ಕಾರಿನಲ್ಲೋ ಬಸ್ಸಿನಲ್ಲೋ ರೈಲಿನಲ್ಲೋ ಶುರುವಾಗುತ್ತದೆ. ಮೊಬೈಲಿನಲ್ಲಿ ಕಾಣುವ “ಎರಡು ನಿಲ್ದಾಣಗಳ ನಡುವಿನ ದೂರ” ನಮ್ಮ ಪ್ರಯಾಣದ ನಡುವಿನ ತುಂಡು ಮಾತ್ರ. ಆ ತುಂಡನ್ನು ಸರಿಯಾಗಿ ಅಳೆಯುವುದು, ಆಮೇಲೆ ಅದರ ಎರಡೂ ತುದಿಗೆ ನೆಲದ ಹೊತ್ತನ್ನು ಕೂಡಿಸುವುದು, ಈ ಎರಡೂ ಕೆಲಸವನ್ನು ಟಿಕೆಟ್ ಕೊಳ್ಳುವ ಮೊದಲೇ ಮಾಡಬೇಕು.

ಮೊದಲು ನಿಲ್ದಾಣವನ್ನು ಗೊತ್ತುಮಾಡಿಕೊಳ್ಳಿ

ಕಾರವಾರದವರಿಗೆ ಹತ್ತಿರದ್ದು ಗೋವಾದ ದಾಬೋಳಿ. ಮಾಜಾಳಿ ದಾಟಿ, ಪೊಳೆಂ, ಕಾಣಕೋಣ, ಮಡಗಾಂವ ಮೂಲಕ ಸುಮಾರು 90 ಕಿಲೋಮೀಟರು. ಹುಬ್ಬಳ್ಳಿ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರದ ಮೇಲಿನಿಂದ ಸುಮಾರು 165 ಕಿಲೋಮೀಟರು. ಶಿರಸಿಯವರಿಗೆ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು, ಅದರಲ್ಲಿ ಎರಡನೆಯ ಮಾತೇ ಇಲ್ಲ. ಭಟ್ಕಳದವರಿಗೆ ಮಂಗಳೂರು, ಸುಮಾರು 140 ಕಿಲೋಮೀಟರು. ಕಷ್ಟವೆಲ್ಲ ನಮ್ಮಂಥ ನಡುವಿನವರದು. ಕುಮಟಾದಿಂದ ದಾಬೋಳಿಗೂ ಹುಬ್ಬಳ್ಳಿಗೂ 160ರ ಹತ್ತಿರ ಹತ್ತಿರ. ಹೊನ್ನಾವರದಲ್ಲಿ ನಿಂತರೆ ದಾಬೋಳಿ, ಹುಬ್ಬಳ್ಳಿ, ಮಂಗಳೂರು ಮೂರೂ ಹೆಚ್ಚು ಕಡಿಮೆ ಸಮದೂರ. ಅಂಥವರು ದೂರಕ್ಕಿಂತ ದಾರಿಯನ್ನು ನೋಡಬೇಕು: ಘಟ್ಟ ಹತ್ತಬೇಕೇ, ರೈಲು ಸಿಗುತ್ತದೆಯೇ, ಹೋಗಬೇಕಾದ ಊರಿಗೆ ಅಲ್ಲಿಂದ ನೇರ ವಿಮಾನ ಇದೆಯೇ.

ಸಿದ್ದಾಪುರದ ಕಡೆಯವರು ಶಿವಮೊಗ್ಗದ ಸೋಗಾನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 2023ರ ಆಗಸ್ಟ್ 31ರಿಂದ ಅಲ್ಲಿ ವಿಮಾನ ಇಳಿಯುತ್ತಿದೆ. ಹಳಿಯಾಳ, ದಾಂಡೇಲಿಯವರಿಗೆ ಹುಬ್ಬಳ್ಳಿಯ ಜೊತೆ ಬೆಳಗಾವಿಯೂ ಕೈಗೆ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಗೋವಾದಲ್ಲಿ ಈಗ ಎರಡು ನಿಲ್ದಾಣಗಳಿವೆ. ದಾಬೋಳಿಯ ಸಂಕೇತ ಜಿಒಐ. ಪೆರ್ಣೆ ತಾಲ್ಲೂಕಿನ ಮೋಪಾದಲ್ಲಿರುವ ಮನೋಹರ ಅಂತರರಾಷ್ಟ್ರೀಯ ನಿಲ್ದಾಣದ ಸಂಕೇತ ಜಿಒಎಕ್ಸ್. ಅಲ್ಲಿ ವಿಮಾನ ಸಂಚಾರ ಶುರುವಾದದ್ದು 2023ರ ಜನವರಿ 5ರಂದು. ನಕ್ಷೆಯ ಮೇಲೆ ಎರಡರ ನಡುವೆ ನೇರ ಗೆರೆ ಎಳೆದರೆ 40 ಕಿಲೋಮೀಟರು, ರಸ್ತೆಯಲ್ಲಿ ಹೋದರೆ ಅರವತ್ತು ಮೀರುತ್ತದೆ. ಕಾರವಾರದಿಂದ ಮೋಪಾಕ್ಕೆ 135 ಕಿಲೋಮೀಟರಿನಷ್ಟಾಗುತ್ತದೆ. ಟಿಕೆಟ್ ಹುಡುಕುವಾಗ “ಗೋವಾ” ಎಂದು ಒತ್ತಿದರೆ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ, ಅಗ್ಗದ್ದು ಮೇಲೆ ಬರುತ್ತದೆ.

ಇದೇ ಭಾವ ಒಮ್ಮೆ ದಾಬೋಳಿಯ ಬಾಗಿಲಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಬೈಲ್. ಕಾವಲಿನ ಜವಾನ ಟಿಕೆಟನ್ನು ಎರಡು ಸಲ ನೋಡಿ, ಮೂರು ಅಕ್ಷರಗಳ ಮೇಲೆ ಬೆರಳಿಟ್ಟು, “ಇದು ಮೋಪಾದ್ದು” ಎಂದ. ವಿಮಾನಕ್ಕೆ ಉಳಿದದ್ದು ಒಂದೂ ಕಾಲು ತಾಸು. ಜುವಾರಿ ಸೇತುವೆ ಮುಟ್ಟುವಷ್ಟರಲ್ಲೇ ಮೋಪಾದಲ್ಲಿ ಚೆಕ್-ಇನ್ ಕೌಂಟರು ಮುಚ್ಚಿತ್ತು. ಆ ದಿನ ಅವರು ಫೋನಿನಲ್ಲಿ ಮಾತನಾಡಿದ ದನಿ ನನಗೆ ಇನ್ನೂ ನೆನಪಿದೆ. ಹಣಕ್ಕಿಂತ ಹೆಚ್ಚಾಗಿ, ಮುಟ್ಟಬೇಕಾದ ಕಡೆ ಮುಟ್ಟಲಾಗಲಿಲ್ಲವಲ್ಲ ಎಂಬ ಸಂಕಟ ಅದು. ಆದ್ದರಿಂದ ಊರಿನ ಹೆಸರನ್ನು ನಂಬಬೇಡಿ, ಮೂರಕ್ಷರದ ಸಂಕೇತವನ್ನು ಓದಿ. ಹುಬ್ಬಳ್ಳಿ ಎಚ್‌ಬಿಎಕ್ಸ್, ಮಂಗಳೂರು ಐಎಕ್ಸ್‌ಇ, ಬೆಂಗಳೂರು ಬಿಎಲ್‌ಆರ್.

ಆಕಾಶದ ದೂರವನ್ನು ಅಳೆಯುವುದು

ಇದಕ್ಕೆ ಪಿಯುಸಿ ಗಣಿತವೂ ಬೇಡ. ಕಾರವಾರದ ಬೈತಖೋಲ ಬಂದರಿನ ಯಾವ ತಾಂಡೇಲನನ್ನು (ಬೋಟು ನಡೆಸುವವನನ್ನು) ಕೇಳಿದರೂ ಅಕ್ಷಾಂಶ, ರೇಖಾಂಶ ಎಂದರೇನೆಂದು ಜಿಪಿಎಸ್ ತೋರಿಸಿ ಹೇಳುತ್ತಾನೆ. ಸಮುದ್ರದ ಲೆಕ್ಕವೂ ಆಕಾಶದ ಲೆಕ್ಕವೂ ಒಂದೇ. ಅಕ್ಷಾಂಶದ ಒಂದು ಡಿಗ್ರಿಗೆ 60 ಮಿನಿಟು, ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರು. ಹಾಗಾಗಿ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿ ಸರಿದರೆ ಸುಮಾರು 111 ಕಿಲೋಮೀಟರು. ಪೂರ್ವ ಪಶ್ಚಿಮದ ಡಿಗ್ರಿ ಮಾತ್ರ ಧ್ರುವದ ಕಡೆಗೆ ಹೋದಂತೆ ಕಿರಿದಾಗುತ್ತದೆ. ನಮ್ಮ ಕರಾವಳಿಯಿಂದ ಬೆಂಗಳೂರಿನವರೆಗಿನ ಪಟ್ಟಿಯಲ್ಲಿ ಅದು ಸುಮಾರು 108 ಕಿಲೋಮೀಟರು. ಇಲ್ಲಿಂದ ಮುಂಬೈಗೆ ಲೆಕ್ಕ ಹಾಕುವಾಗ 106, ದೆಹಲಿಗೆ 103 ಎಂದು ಹಿಡಿಯಿರಿ.

ಮೊಬೈಲಿನ ನಕ್ಷೆಯಲ್ಲಿ ನಿಲ್ದಾಣದ ರನ್‌ವೇ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದಾಬೋಳಿಗೆ 15.38, 73.83. ಬೆಂಗಳೂರಿಗೆ 13.20, 77.71. ಈಗ ಕಾಗದ ತೆಗೆದುಕೊಳ್ಳಿ. ಅಕ್ಷಾಂಶಗಳ ವ್ಯತ್ಯಾಸ 2.18, ಅದನ್ನು 111ರಿಂದ ಗುಣಿಸಿದರೆ 242. ರೇಖಾಂಶಗಳ ವ್ಯತ್ಯಾಸ 3.88, ಅದನ್ನು 108ರಿಂದ ಗುಣಿಸಿದರೆ 419. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ ನೆನಪಿರಬೇಕು: ಎರಡರ ವರ್ಗವನ್ನೂ ಕೂಡಿಸಿ ವರ್ಗಮೂಲ ತೆಗೆದರೆ 484 ಕಿಲೋಮೀಟರು. ಹುಬ್ಬಳ್ಳಿ 15.36, 75.08. ಅದೇ ಲೆಕ್ಕದಲ್ಲಿ ಬೆಂಗಳೂರಿಗೆ 372 ಕಿಲೋಮೀಟರು. ದಾಬೋಳಿಯಿಂದ ದೆಹಲಿಗೆ (28.57, 77.10) ಹಾಕಿದರೆ 1,500 ಚಿಲ್ಲರೆ. ಮಂಗಳೂರಿನಿಂದ ಮುಂಬೈಗೆ ನೀವೇ ಹಾಕಿ ನೋಡಿ, 715ರ ಸುತ್ತ ಬಂದರೆ ಕೈ ಕೂತಿದೆ ಎಂದರ್ಥ. ಮಂಗಳೂರು 12.96, 74.89; ಮುಂಬೈ 19.09, 72.87.

ಒಂದು ಕಡೆ ಬಹಳ ಜನ ಎಡವುತ್ತಾರೆ. ಕೆಲವು ಪುಟಗಳಲ್ಲಿ, ಬೋಟಿನ ಜಿಪಿಎಸ್‌ನಲ್ಲಿ, ಡಿಗ್ರಿ ಮತ್ತು ಮಿನಿಟು ಬೇರೆ ಬೇರೆಯಾಗಿ ಇರುತ್ತವೆ. ದಾಬೋಳಿ 15 ಡಿಗ್ರಿ 23 ಮಿನಿಟು ಎಂದು ಕಂಡರೆ ಅದನ್ನು 15.23 ಎಂದು ಬರೆಯಬಾರದು. 23ನ್ನು 60ರಿಂದ ಭಾಗಿಸಬೇಕು, ಬರುವುದು 15.38. ಈ ಒಂದು ತಪ್ಪಿಗೆ ನಿಲ್ದಾಣ 17 ಕಿಲೋಮೀಟರು ದಕ್ಷಿಣಕ್ಕೆ ಸರಿದುಬಿಡುತ್ತದೆ.

ಭೂಮಿ ದುಂಡಗಿರುವಾಗ ಚಪ್ಪಟೆ ಕಾಗದದ ಲೆಕ್ಕ ಸರಿಯೇ ಎಂದು ಕೇಳಬಹುದು. ನಮ್ಮ ದೇಶದೊಳಗೆ, ಕೊಲ್ಲಿ ದೇಶಗಳವರೆಗೂ, ಧಾರಾಳವಾಗಿ ಸಾಕು. ಮಂಗಳೂರಿನಿಂದ ದುಬೈಗೆ ಹೀಗೆ ಹಾಕಿದ್ದಕ್ಕೂ ದುಂಡು ಭೂಮಿಯ ಸೂತ್ರದಲ್ಲಿ ಹಾಕಿದ್ದಕ್ಕೂ ನನಗೆ ಬಂದ ವ್ಯತ್ಯಾಸ ಐದಾರು ಕಿಲೋಮೀಟರು ಮಾತ್ರ, ಎರಡೂ 2,460ರ ಆಸುಪಾಸಿನಲ್ಲೇ. (ಅಲ್ಲಿಗೆ ರೇಖಾಂಶದ ಡಿಗ್ರಿಗೆ 105 ಹಿಡಿಯಬೇಕು.) ಅಮೆರಿಕಕ್ಕೆ ಈ ಉಪಾಯ ನಡೆಯದು. ಅಲ್ಲಿ ಮಹಾವೃತ್ತದ, ಅಂದರೆ ದುಂಡು ಭೂಮಿಯ, ಸೂತ್ರವೇ ಬೇಕು, ಯಾಕೆಂದರೆ ಗೋಳದ ಮೇಲೆ ಅತಿ ಹತ್ತಿರದ ದಾರಿ ಗೋಡೆಯ ನಕ್ಷೆಯಲ್ಲಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. 2021ರ ಜನವರಿ 11ರಂದು ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿನಿಂದ ತಂದರು. ಪೂರ್ವಕ್ಕೂ ಹೋಗದೆ ಪಶ್ಚಿಮಕ್ಕೂ ಹೋಗದೆ ಉತ್ತರಕ್ಕೇ ಹೋಗುವುದು ಸುಮಾರು 14,000 ಕಿಲೋಮೀಟರಿನ ಆ ಪ್ರಯಾಣಕ್ಕೆ ಹತ್ತಿರದ ದಾರಿ. ಇದನ್ನು ಮಕ್ಕಳಿಗೆ ಗೋಳದ ಮೇಲೆ ದಾರ ಎಳೆದು ತೋರಿಸಿ, ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ದೂರದಿಂದ ಹೊತ್ತಿಗೆ

ಇಲ್ಲಿಯೇ ಹೆಚ್ಚಿನ ಪುಟಗಳು ದಾರಿ ತಪ್ಪಿಸುವುದು. ತಾಸಿಗೆ 800 ಕಿಲೋಮೀಟರು ಎಂದು ಹಿಡಿದು ಭಾಗಿಸಿ, ದಾಬೋಳಿಯಿಂದ ಬೆಂಗಳೂರಿಗೆ 36 ನಿಮಿಷ ಎಂದುಬಿಡುತ್ತವೆ. ಯಾವ ವಿಮಾನವೂ ಹಾಗೆ ಹೋಗಿ ಮುಟ್ಟುವುದಿಲ್ಲ. ರನ್‌ವೇವರೆಗೆ ಉರುಳಬೇಕು, ಮೇಲೇರಬೇಕು, ವೇಗ ತಗ್ಗಿಸಿ ಸುತ್ತು ಹಾಕಿ ಇಳಿಯಬೇಕು, ಮತ್ತೆ ಉರುಳಿ ನಿಲ್ಲಬೇಕು. ದೂರ ಎಷ್ಟೇ ಇರಲಿ, ಈ ಖರ್ಚು ತಪ್ಪಿದ್ದಲ್ಲ.

ನಾನು ಬಳಸುವ ಲೆಕ್ಕ ಇದು. ಏರ್‌ಬಸ್ ಎ320, ಬೋಯಿಂಗ್ 737ರಂಥ ಜೆಟ್ ಆದರೆ ಕಿಲೋಮೀಟರನ್ನು 13ರಿಂದ ಭಾಗಿಸಿ, ಬಂದ ನಿಮಿಷಕ್ಕೆ 35 ಕೂಡಿಸಿ. ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ ಆದರೆ 8ರಿಂದ ಭಾಗಿಸಿ 25 ಕೂಡಿಸಿ. ಯಾವ ವಿಮಾನ ಎಂಬುದು ಟಿಕೆಟ್ ಕೊಳ್ಳುವ ಪುಟದಲ್ಲೇ ಬರೆದಿರುತ್ತದೆ.

ಈಗ ನೋಡಿ: ದಾಬೋಳಿಯಿಂದ ಬೆಂಗಳೂರಿಗೆ ಜೆಟ್‌ನಲ್ಲಿ 484 ಕಿಲೋಮೀಟರಿಗೆ 37 ಮತ್ತು 35, ಒಟ್ಟು 72 ನಿಮಿಷ. ಹುಬ್ಬಳ್ಳಿಯಿಂದ ಎಟಿಆರ್‌ನಲ್ಲಿ 372 ಕಿಲೋಮೀಟರಿಗೆ 46 ಮತ್ತು 25, ಒಟ್ಟು 71 ನಿಮಿಷ. ನೂರಾ ಹನ್ನೆರಡು ಕಿಲೋಮೀಟರು ಕಡಿಮೆ ಹಾರಿದರೂ ಉಳಿದದ್ದು ಒಂದು ನಿಮಿಷ! ನಿಲ್ದಾಣ ಹತ್ತಿರವಾದರೆ ಹಾರಾಟವೂ ಚಿಕ್ಕದು ಎಂದು ತಿಳಿದವರಿಗೆ ನಾನು ಮೊದಲು ತೋರಿಸುವುದು ಈ ಎರಡು ಸಾಲುಗಳನ್ನೇ. ದೆಹಲಿಗೆ ದಾಬೋಳಿಯಿಂದ 115 ಮತ್ತು 35, ಅಂದರೆ ಎರಡೂವರೆ ತಾಸು. ಕಂಪನಿಗಳ ವೇಳಾಪಟ್ಟಿ ಇದಕ್ಕಿಂತ ಐದು ಹತ್ತು ನಿಮಿಷ ಹೆಚ್ಚು ತೋರಿಸಬಹುದು. ದೊಡ್ಡ ನಿಲ್ದಾಣಗಳಲ್ಲಿ ಇಳಿಯಲು ಸರದಿ ಕಾಯಬೇಕಾಗುತ್ತದೆ, ಅದಕ್ಕೆ ಅವರು ಮೊದಲೇ ಜಾಗ ಬಿಟ್ಟಿರುತ್ತಾರೆ.

ಭಟ್ಕಳದವರಿಗೆ ಗಡಿಯಾರದ ಮಾತು

ಮಗನೋ ಅಳಿಯನೋ ದುಬೈಯಲ್ಲಿರುವ ಮನೆಗಳಲ್ಲಿ ಟಿಕೆಟ್ ನೋಡಿ ಬೆರಗಾಗುವುದುಂಟು. ಮಂಗಳೂರಿನಲ್ಲಿ ಬೆಳಿಗ್ಗೆ 9.30ಕ್ಕೆ ಹೊರಟ ವಿಮಾನ ದುಬೈಗೆ 11.45ಕ್ಕೆ ಮುಟ್ಟುತ್ತದೆ ಎಂದಿದ್ದರೆ, ಎರಡೂ ಕಾಲು ತಾಸಿನಲ್ಲಿ ಹೋಯಿತೇ ಎನಿಸುತ್ತದೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಹೋಗುವಾಗ ವ್ಯತ್ಯಾಸಕ್ಕೆ ಒಂದೂವರೆ ತಾಸು ಕೂಡಿಸಬೇಕು, ಬರುವಾಗ ಕಳೆಯಬೇಕು. ಇಲ್ಲಿ ನಿಜವಾದ ಹಾರಾಟ ಮೂರೂ ಮುಕ್ಕಾಲು ತಾಸು. 2,460ನ್ನು 13ರಿಂದ ಭಾಗಿಸಿ 35 ಕೂಡಿಸಿದರೂ ಅಷ್ಟೇ ಬರುತ್ತದೆ.

ಬರುವಾಗ ಸಾಮಾನ್ಯವಾಗಿ ಸ್ವಲ್ಪ ಬೇಗ. ಚಳಿಗಾಲದಲ್ಲಿ ಮೇಲಿನ ಆಕಾಶದಲ್ಲಿ ಪಡುವಣ ಗಾಳಿ ಜೋರಾಗಿರುವುದರಿಂದ ಪೂರ್ವಕ್ಕೆ ಬರುವ ವಿಮಾನಕ್ಕೆ ಬೆನ್ನಿಗೆ ಗಾಳಿ ಸಿಗುತ್ತದೆ. ಸ್ವೀಕರಿಸಲು ನಿಲ್ದಾಣಕ್ಕೆ ಹೋಗುವವರು ಇದನ್ನು ಗಮನಿಸಿದರೆ ಒಳ್ಳೆಯದು.

ನೆಲದ ಹೊತ್ತು

ನಮ್ಮ ಜಿಲ್ಲೆಯವರಿಗೆ ನಿಜವಾದ ಲೆಕ್ಕ ಇರುವುದು ಇಲ್ಲಿ. ದೇಶದೊಳಗಿನ ವಿಮಾನಗಳಿಗೆ ಕೌಂಟರು ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ. ಹುಬ್ಬಳ್ಳಿಯಂಥ ಚಿಕ್ಕ ನಿಲ್ದಾಣಕ್ಕೆ ಒಂದೂ ಮುಕ್ಕಾಲು ತಾಸು, ದಾಬೋಳಿ, ಮೋಪಾಕ್ಕೆ ಎರಡು ತಾಸು, ಹೊರದೇಶಕ್ಕಾದರೆ ಮೂರು ತಾಸು ಮುಂಚೆ ಬಾಗಿಲಿನಲ್ಲಿರಿ.

ಕೌಂಟರಿನಲ್ಲಿ ಸಾಮಾನು ಕೊಡುವುದಿಲ್ಲ, ಕೈಚೀಲ ಒಂದೇ ಎಂದು ಹೊತ್ತು ಕಡಿಮೆ ಹಿಡಿಯುವವರು ಚೀಲ ಬಿಚ್ಚಿ ನೋಡಲಿ. ಆಯಿ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ತಪಾಸಣೆಯಲ್ಲಿ ಒಳಗೆ ಬಿಡುವುದಿಲ್ಲ. ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಸುತ್ತಿ, ದಾರ ಬಿಗಿದು, ಹಳೆಯ ಲುಂಗಿಯಲ್ಲಿ ಸುತ್ತಿದ ಆ ಕಟ್ಟನ್ನು ಕಸದ ಡಬ್ಬಿಗೆ ಹಾಕಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕರುಳು ಚುರ್ ಎನ್ನುತ್ತದೆ. ಅದು ದೊಡ್ಡ ಪೆಟ್ಟಿಗೆಯಲ್ಲಿ ಹೋಗಬೇಕು. ಪೆಟ್ಟಿಗೆಯನ್ನು ಕೌಂಟರಿನಲ್ಲಿ ಕೊಡಬೇಕು. ಇಳಿದ ಮೇಲೆ ಸಾಮಾನು ಬರುವ ಬೆಲ್ಟಿನ ಹತ್ತಿರ ಕಾಯಬೇಕು. ಉಪ್ಪಿನಕಾಯಿ ಇದ್ದರೆ ಎರಡೂ ಕಡೆ ಸೇರಿ ಮುಕ್ಕಾಲು ತಾಸು ಹೆಚ್ಚಿಗೆ ಹಿಡಿಯಿರಿ. ಒಣ ಕೊಬ್ಬರಿಯನ್ನು ಮಾತ್ರ ಮನೆಯಲ್ಲೇ ಬಿಡಿ. ಎಣ್ಣೆಯಂಶ ಹೆಚ್ಚಿರುವುದರಿಂದ ಅದು ಬೇಗ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ.

ಇನ್ನು ದಾರಿ. ಕಾರವಾರದಿಂದ ದಾಬೋಳಿಗೆ ಒಳ್ಳೆಯ ದಿನ ಎರಡು ತಾಸು ಸಾಕು. ಬಾಡಿಗೆ ಕಾರಿಗೆ ಗೋವಾದೊಳಗೆ ಹೋಗುವ ಪರವಾನಗಿ ಇದೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ, ಗಡಿಯಲ್ಲಿ ನಿಂತು ಕೇಳುವಂತಾಗಬಾರದು. ರೈಲಿನಲ್ಲಿ ಮಡಗಾಂವಕ್ಕೆ ಸುಮಾರು ಒಂದು ತಾಸು, ಅಲ್ಲಿಂದ ಟ್ಯಾಕ್ಸಿಯಲ್ಲಿ ಮುಕ್ಕಾಲು ತಾಸು; ಹಗುರ ಸಾಮಾನಾದರೆ ವಾಸ್ಕೋ ಬಸ್ಸೂ ಆಗುತ್ತದೆ. ನನ್ನ ಅನುಭವದಲ್ಲಿ ಹೋಗುವಾಗ ರೈಲನ್ನು ನೆಚ್ಚಿಕೊಳ್ಳದಿರುವುದು ಮೇಲು, ಬರುವಾಗ ಅದರಷ್ಟು ಸುಖ ಬೇರೆ ಇಲ್ಲ.

ಮಳೆಗಾಲದ ಲೆಕ್ಕವೇ ಬೇರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ನಡೆಯುತ್ತದೆ, ಗಾಡಿಗಳ ವೇಗ ಕಡಿಮೆ, ಹೊತ್ತೂ ಬೇರೆ. ಹಿಂದಿನ ಬೇಸಿಗೆಯಲ್ಲಿ ಹೋದ ನೆನಪಿನ ಮೇಲೆ ಹೊರಡಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು, ಜೀವಗಳು ಹೋದವು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಆ ವರ್ಷ ಕುಮಟಾದಿಂದ ಉತ್ತರಕ್ಕೆ ಹೊರಡುವವರಿಗೆ ನಕ್ಷೆಯ ಕಿಲೋಮೀಟರುಗಳಿಗೆ ಅರ್ಥವೇ ಇರಲಿಲ್ಲ. ಅರಬೈಲ್, ದೇವಿಮನೆ ಘಟ್ಟಗಳದೂ ಅದೇ ಕಥೆ; ಒಂದು ಮರ ಅಡ್ಡಬಿದ್ದರೆ ಸಾಕು. ಜೋರು ಮಳೆಯಿದ್ದರೆ ದಾರಿಗೆ ಒಂದು ತಾಸು ಹೆಚ್ಚು ಇಡಿ, ಬೆಳಗಿನ ಮೊದಲ ವಿಮಾನವಾದರೆ ಹಿಂದಿನ ರಾತ್ರಿಯೇ ಹುಬ್ಬಳ್ಳಿಯಲ್ಲೋ ಮಡಗಾಂವದಲ್ಲೋ ಉಳಿದುಬಿಡಿ. ಮಂಗಳೂರಿನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ, ಮೋಡ ಕವಿದರೆ ವಿಮಾನ ಬೇರೆ ಊರಿಗೆ ತಿರುಗುವುದೂ ಉಂಟು. ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಹಿಡಿಯುವವರು ನಡುವೆ ಮೂರು ತಾಸಾದರೂ ಬಿಡಬೇಕು. ಮುಂಬೈ, ದೆಹಲಿಯಲ್ಲಿ ಟರ್ಮಿನಲ್ ಬದಲಾಗುತ್ತದೆಯೇ ಎಂದೂ ನೋಡಿ; ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಹೋಗಬೇಕಾಗಬಹುದು.

ಹಿಂದಿನಿಂದ ಎಣಿಸುವುದು

ಎಲ್ಲ ತುಂಡುಗಳೂ ಕೈಗೆ ಸಿಕ್ಕ ಮೇಲೆ ವಿಮಾನ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ದಾಬೋಳಿಯಿಂದ 11 ಗಂಟೆಗೆ ದೆಹಲಿ ವಿಮಾನ ಎಂದಿಟ್ಟುಕೊಳ್ಳಿ. 10ಕ್ಕೆ ಕೌಂಟರು ಮುಚ್ಚುತ್ತದೆ. 9ಕ್ಕೆ ಬಾಗಿಲಿನಲ್ಲಿರಬೇಕು. ದಾರಿಗೆ ಎರಡು ತಾಸು ಕಳೆದರೆ 7, ಮಳೆಗೆ ಒಂದು ತಾಸು ಕಳೆದರೆ 6. ಕಾರವಾರದವರು ಆರಕ್ಕೆ ಕಾಳಿ ಸೇತುವೆಯ ಮೇಲಿರಬೇಕು, ಕುಮಟಾದವರು ನಾಲ್ಕೂವರೆಗೆ ಮನೆ ಬಿಡಬೇಕು. ಮಧ್ಯಾಹ್ನ 1.30ಕ್ಕೆ ದೆಹಲಿ, ಹೊರಗೆ ಬಂದು ಊರೊಳಗಿನ ಮನೆ ಮುಟ್ಟುವಾಗ ಮೂರು. ಕಾರವಾರದಿಂದ ಒಂಬತ್ತು ತಾಸು. ರೈಲಿನಲ್ಲಾದರೆ ಒಂದು ಹಗಲು ಒಂದು ರಾತ್ರಿ ಮೀರುತ್ತದೆ. ಇಲ್ಲಿ ವಿಮಾನಕ್ಕೆ ಕೊಟ್ಟ ಹಣ ಸಾರ್ಥಕ.

ಭಾವ ಆ ಸಲ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲೇ ಹೋದರು. ಬೆಳಿಗ್ಗೆ ಆರೂವರೆಗೆ ಮಗನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೇನೆ ಎಂದು ಫೋನ್ ಮಾಡಿದರು, ಉಪ್ಪಿನಕಾಯಿಯ ಬಾಟಲಿಯೂ ಮುಟ್ಟಿತ್ತು.